ತಾರೀಖು ತೆಗೆದ ಅಧ್ಯಾಯ

ದೆಹಲಿಯ ದ್ವಾರಕಾದ ನಮ್ಮ ಸೊಸೈಟಿಯಲ್ಲಿ ಮಗಳ ಮನೆಗೆ ಬಂದು ನೆಲೆಸಿದ ಮಾಜಿ ಶಾಸಕರು ಮೂಲತಃ ನಮ್ಮ ಕಡೆಯ ತಾಲ್ಲೂಕು ಕೋರ್ಟಿನ ವಕೀಲರು. ಇಲ್ಲಿನ ಕನ್ನಡಿಗರು ಅವರಿಗೊಂದು ಅಭಿನಂದನ ಗ್ರಂಥ ಅರ್ಪಿಸಲು ನಿಶ್ಚಯಿಸಿದರು. ನಾನು ನಿವೃತ್ತ ಇತಿಹಾಸ ಸಂಶೋಧಕನಾದ್ದರಿಂದ ತಾರೀಖುಗಳನ್ನು ತಾಳೆ ನೋಡುವ ಕೆಲಸ ನನ್ನ ಪಾಲಿಗೆ ಬಂತು.

ಗ್ರಂಥದ ಹೆಮ್ಮೆ ಕೆರೆಯ ಅಧ್ಯಾಯ. ಊರ ಕೆರೆಯಂಗಳಕ್ಕೆ ಬೇಲಿ ಹಾಕಿದ್ದ ಸಾಹುಕಾರನ ವಿರುದ್ಧ, ಶಾಸಕರಾಗಿ ಗೆದ್ದ ಮೊದಲ ವರ್ಷ, ಯುಗಾದಿಯ ಹಿಂದಿನ ದಿನ, ಇವರು ತಾಲ್ಲೂಕು ಕೋರ್ಟಿನಲ್ಲಿ ಸಂಜೆಯವರೆಗೆ ವಾದಿಸಿ ಊರಿಗೆ ಕೆರೆ ಉಳಿಸಿಕೊಟ್ಟರಂತೆ. ಆದರೆ ಅದೇ ದಿನ ಬೆಂಗಳೂರಿನ ಸದನದಲ್ಲಿ ಮಂತ್ರಿಯೊಬ್ಬರ ಬೆವರಿಳಿಸಿದ ಕಥೆಯನ್ನೂ ಅವರೇ ನನಗೆ ಹೇಳಿದ್ದರು. ಸದನದ ಮುದ್ರಿತ ಕಲಾಪವನ್ನು ತರಿಸಿ ನೋಡಿದೆ, ಭಾಷಣ ನಿಜವಾಗಿತ್ತು. ಹಾಗಾದರೆ ಕೋರ್ಟಿನಲ್ಲಿ ನಿಂತವರು ಯಾರು?

ಅವರ ಅಂದಿನ ಜೂನಿಯರ್ ವಕೀಲೆ ಈಗ ನೋಯ್ಡಾದಲ್ಲಿ ಮಗನೊಂದಿಗಿದ್ದಾರೆಂದು ತಿಳಿದು ಹೋದೆ.

"ನಾನೇ ಸರ್," ಎಂದರು ಆಕೆ. "ನಾನು ಗೆದ್ದ ಕೇಸುಗಳಲ್ಲಿ ಜನ ನೆನಪಿಡೋ ಅಂಥದ್ದು ಅದೊಂದೇ. ಮೊಮ್ಮಗಳು ಲಾ ಓದ್ತಿದ್ದಾಳೆ. 'ಅಜ್ಜಿ, ಸಚ್ ಮೇ ಆ ಕೇಸು ನೀವೇ ನಡೆಸಿದ್ದಾ?' ಅಂತಾಳೆ. ಪುಸ್ತಕದಲ್ಲಿ ನನ್ನ ಹೆಸರಿದ್ರೆ ತೋರಿಸ್ತೀನಿ."

ಮಾಜಿ ಶಾಸಕರಿಗೆ ವಿಷಯ ತಿಳಿಸಿದಾಗ ಅವರು ಕಿತ್ತಳೆ ಸುಲಿಯುತ್ತಿದ್ದರು. ಕೈ ನಿಲ್ಲಲಿಲ್ಲ.

"ಅಚ್ಛಾ, ಅದಕ್ಕೇನಂತೆ ಪ್ರೊಫೆಸರ್ರೇ? ತಾರೀಖು ತೆಗೆದು 'ಆ ದಿನಗಳಲ್ಲಿ' ಅಂತ ಹಾಕಿ. ವಕಾಲತ್ತು ನಂದು. ಜೂನಿಯರ್ ಎದ್ದು ನಿಂತು ಮಾತಾಡಿದ್ರೆ ಅದು ಸೀನಿಯರ್ ಮಾತೇ. ನಮ್ಮ ಕಸುಬಿನ ರಿವಾಜು."

"ಸೋತಿದ್ದರೆ?"

"ಸೋತಿದ್ರೆ ಜೂನಿಯರ್‌ದು," ಎಂದು ನಕ್ಕು, ನನ್ನ ಕೈಗೆ ಎರಡು ತೊಳೆ ಇಟ್ಟರು. ಅವನ್ನು ತಿನ್ನಲಾಗಲಿಲ್ಲ, ಬೆರಳಿಗಂಟಿದ ಆ ಸಿಹಿಯೂ ಹೇಸಿಗೆ ಎನಿಸಿತು.

ಗ್ರಂಥ ಸಮಿತಿಯವರಿಗೆ ಅದು ದೊಡ್ಡ ವಿಷಯವಾಗಿ ಕಾಣಲಿಲ್ಲ. "ವಯಸ್ಸಾದವರು, ಬಿಡಿ ಸರ್," ಎಂದರು. ನನ್ನ ಹೆಸರನ್ನಾದರೂ ಕೈಬಿಡಿ ಎಂದು ಕೇಳಿಕೊಂಡೆ. ಗ್ರಂಥ ಹೊರಬಂದಾಗ ಕೆರೆಯ ಅಧ್ಯಾಯದಲ್ಲಿ ತಾರೀಖೂ ಇರಲಿಲ್ಲ, ಆಕೆಯೂ ಇರಲಿಲ್ಲ. ಮೊದಲ ಪುಟದಲ್ಲಿ ಮಾತ್ರ 'ಕಾಲನಿರ್ಣಯದ ಪರಿಶೀಲನೆ' ಎಂದು ನನ್ನ ಹೆಸರು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಸುಳ್ಳಿಗಿಂತ, ಅದಕ್ಕೆ ನನ್ನ ವಿದ್ವತ್ತಿನ ಮೊಹರು ಬಿದ್ದದ್ದು ಹೆಚ್ಚು ಅಸಹ್ಯವಾಗಿತ್ತು.

ಬಿಡುಗಡೆಯ ದಿನ ಆಕೆ ಮೊಮ್ಮಗಳೊಂದಿಗೆ ಮೆಟ್ರೋದಲ್ಲಿ ಬಂದು ಹಿಂದಿನ ಸಾಲಿನಲ್ಲಿ ಕುಳಿತು ಪುಟ ತಿರುವುತ್ತಿದ್ದರು. ಕೊನೆಯವರೆಗೆ ತಿರುವಿ, ಮತ್ತೆ ಮೊದಲಿನಿಂದ ತಿರುವಿದರು. ವೇದಿಕೆಯ ಮೇಲಿದ್ದ ಮಾಜಿ ಶಾಸಕರಿಗೆ ಆಕೆ ಕಂಡರು.

"ಓಹೋ, ನಮ್ಮ ಜೂನಿಯರ್ ಬಂದಿದ್ದಾಳೆ. ಚಲೋ, ಹಾರ ಅವಳ ಕೈಯಿಂದಲೇ ಹಾಕ್ಸಿ."

ಆಕೆ ಕುಳಿತಲ್ಲಿಂದ ಏಳಲಿಲ್ಲ. "ಕೆರೆ ಕೇಸು ನೀವೇ ನಡೆಸಿದ್ದಲ್ವಾ ಸರ್? ಹಾರಾನೂ ನೀವೇ ಹಾಕ್ಕೊಳ್ಳಿ."

ತಮಾಷೆಯೆಂದು ತಿಳಿದು ಸಭೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ. ಮೊಮ್ಮಗಳು ಮಾತ್ರ ನಗದೆ ಅಜ್ಜಿಯ ಮುಖವನ್ನು ನೋಡಿದಳು. ಆ ನೋಟದಲ್ಲಿ 'ನೀವೇನಾ?' ಎಂಬ ಹಳೆಯ ಪ್ರಶ್ನೆ ಇರಲಿಲ್ಲ. ನಾನು ನನ್ನ ಪ್ರತಿಯನ್ನು ಕುರ್ಚಿಯ ಮೇಲೆಯೇ ಬಿಟ್ಟು ಹೊರಬಂದೆ.