ಫೋನಿಟ್ಟುಕೊಂಡು ರೊಟ್ಟಿ ಬಡಿದ ಸುಭದ್ರಮ್ಮ

ಹಲಸೂರಿನ ನಮ್ಮ ಮನೆಯ ಮಹಡಿ ರೂಮು ಖಾಲಿಯಾಗಿ ವರ್ಷವಾಗುತ್ತ ಬಂತು. ಬಾಡಿಗೆಗೆ ಕೇಳಿಕೊಂಡು ಬಂದವರಿಗೆಲ್ಲ ಏನೋ ಒಂದು ನೆಪ ಹೇಳಿ ಕಳಿಸುತ್ತೇನೆ. "ಮಾವ, ಯಾರಿಗಾದ್ರೂ ಕೊಟ್ಬಿಡಿ, ಸುಮ್ನೆ ಧೂಳು ಹಿಡೀತಿದೆ" ಎಂದು ಸೊಸೆ ಪ್ರಿಯಾ ಗೊಣಗುತ್ತಾಳೆ. ಕೊಡಬೇಕು, ನಿಜ. ಆದರೆ ಬೆಳಿಗ್ಗೆ ಕಾಫಿ ಮುಗಿಸಿ ಪೇಪರು ಹಿಡಿದೆನೆಂದರೆ ನನ್ನ ಕಿವಿ ತಾನಾಗಿ ಮೇಲಕ್ಕೆ ಹೋಗುತ್ತದೆ. ಅಲ್ಲಿಂದ ರೊಟ್ಟಿ ಬಡಿಯುವ ಸದ್ದು ಬರಬೇಕು. ಬರುವುದಿಲ್ಲ. ಮನಸ್ಸಿಗೆ ಒಂಥರಾ ಆಗುತ್ತದೆ.

ಆ ರೂಮಿನಲ್ಲಿ ಮಗಳ ಜೊತೆ ಬಾಡಿಗೆಗಿದ್ದ ಸುಭದ್ರಮ್ಮ ಯಾದಗಿರಿ ಕಡೆಯವರು. ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದವರು, ಗಂಡ ತೀರಿಹೋದ ಮೇಲೆ ಜೋಳದ ರೊಟ್ಟಿ ಮಾಡಿ ಜೀವನ್ ಬಿಮಾ ನಗರದ ಒಂದು ಖಾನಾವಳಿಗೆ ಕೊಡುತ್ತಿದ್ದರು. ಅದರಲ್ಲೇ ಮಗಳು ಜಯಮಾಲಾಳನ್ನು ಓದಿಸಿದರು. ನಾವು ಮುದ್ದೆ ತಿನ್ನುವ ಜನ. ಒಂದು ರೊಟ್ಟಿಗೆ ಇಷ್ಟೊಂದು ಬಡಿದಾಟ ಯಾಕೆ ಎಂದು ಮೊದಮೊದಲು ನಾನು ಸಿಡುಕುತ್ತಿದ್ದೆ. ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯಲ್ಲಿ ಜೀವಮಾನವೆಲ್ಲ ಗಿರಾಕಿಗಳ ಗದ್ದಲ ಕೇಳಿ ರಿಟೈರ್ ಆದವನಿಗೆ ಮನೆಯಲ್ಲಾದರೂ ಶಾಂತಿ ಬೇಡವೇ? ಒಮ್ಮೆ ಜೋರು ಮಾಡಲೆಂದೇ ಮಹಡಿ ಹತ್ತಿದೆ. ಸುಭದ್ರಮ್ಮ ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಕೈಗಿಟ್ಟರು. ನನ್ನ ಜೋರು ಅಲ್ಲಿಗೇ ಮುಗಿಯಿತು.

ಆವತ್ತೇ ನಾನು ಒಂದು ವಿಚಿತ್ರ ನೋಡಿದ್ದು. ಗೋಡೆಗೂಡಿನಲ್ಲಿ ಫೋನು ಸ್ಪೀಕರಿಗೆ ಹಾಕಿಟ್ಟಿತ್ತು. ಅದರೊಳಗಿನಿಂದಲೂ ರೊಟ್ಟಿ ಬಡಿಯುವ ಸದ್ದು. ಈ ಕಡೆ ಇವರು, ಆ ಕಡೆ ಇನ್ಯಾರೋ. ಮಾತು ಮಾತ್ರ ಒಂದೂ ಇಲ್ಲ.

"ಯಾರಮ್ಮ ಅದು?" ಅಂದೆ.

ಸುಭದ್ರಮ್ಮ ಫೋನಿನ ಬಾಯಿಗೆ ಅಂಗೈ ಮುಚ್ಚಿ, "ನಮ್ಮಕ್ಕ ಜಟ್ಟೆಮ್ಮ. ಕೆ.ಆರ್. ಪುರದಾಗ ಅದಾಳ. ನಾವು ಮಾತು ಬಿಟ್ಟೀವ್ರಿ" ಅಂದರು.

ಜಯಮಾಲಾಳನ್ನು ತನ್ನ ಮೈದುನನ ಮಗನಿಗೆ ಕೊಡು ಎಂದು ಅಕ್ಕ ಕೇಳಿದ್ದಳಂತೆ. ಹುಡುಗಿ ಇನ್ನೂ ಓದುತ್ತಾಳೆ, ಆಗಲ್ಲ ಎಂದು ತಂಗಿ ಅಂದಿದ್ದಳಂತೆ. ಮಾತಿಗೆ ಮಾತು ಬೆಳೆದು ಇಬ್ಬರೂ ಮುಖ ತಿರುಗಿಸಿದ್ದರು. ಆದರೆ ಮದುವೆಯಾಗುವ ತನಕ ತವರಿನಲ್ಲಿ ಒಂದೇ ಒಲೆಯ ಎರಡು ಕಡೆ ಕೂತು ರೊಟ್ಟಿ ಬಡಿದವರು. ಒಂಟಿಯಾಗಿ ಬಡಿದರೆ ಕೈ ಓಡುವುದಿಲ್ಲವಂತೆ. ಹಾಗಾಗಿ ಅಕ್ಕ ದಿನಾ ಫೋನು ಮಾಡುವುದು, ತಂಗಿ ಎತ್ತಿ ಗೂಡಿನಲ್ಲಿಡುವುದು, ಕೆಲಸ ಮುಗಿದ ಮೇಲೆ ಆರಿಸುವುದು. ಎಂಥ ಹಠವಪ್ಪಾ ಎಂದು ನಗು ಬಂತು. ಆದರೆ ಸದ್ದಿನಲ್ಲೇ ಅಕ್ಕನ ಕ್ಷೇಮ ತಿಳಿಯುತ್ತದೆ ಎಂದು ಸುಭದ್ರಮ್ಮ ಹೇಳುವಾಗ ಆ ಮುಖದಲ್ಲಿ ಹಠವೇನೂ ಇರಲಿಲ್ಲ. "ಈ ನಡುವ ಅಕ್ಕಂದು ಸದ್ದು ಒಣಾ ಒಣಾ ಬರ್ತದ್ರಿ. ಹಿಟ್ಟು ಹಳೇದಿರಬೇಕು" ಎಂದು ಒಮ್ಮೆ ಕೊರಗಿದ್ದೂ ಉಂಟು.

ಅಷ್ಟರಲ್ಲಿ ಜಯಮಾಲಾಗೆ ಇಂದಿರಾನಗರದ ಸಣ್ಣ ಚಿಪ್ ಕಂಪನಿಯಲ್ಲಿ ಕೆಲಸವಾಯಿತು. ದೊಡ್ಡವ್ವನ ಶೀಟಿನ ಮನೆಯಲ್ಲಿ ಸಿಗ್ನಲ್ ಸಿಗದೆ ಫೋನು ನಡುವೆ ನಡುವೆ ಕಡಿದುಹೋಗುತ್ತಿತ್ತು. ಅವಳು ಕಂಪನಿಯಲ್ಲಿ ಕೇಳಿ, ಟ್ರಯಲ್‌ಗೆಂದು ಮಾಡಿದ ಎರಡು ಫೋನ್ ಪೆಟ್ಟಿಗೆ ತಂದಳು. ಒಂದನ್ನು ಅವ್ವನ ಗೂಡಿನಲ್ಲಿಟ್ಟಳು, ಇನ್ನೊಂದನ್ನು ಜಟ್ಟೆಮ್ಮನ ಮಗ ಪೀರಪ್ಪನ ಕೈಯಲ್ಲಿ ಕಳಿಸಿದಳು. ಸಿಗ್ನಲ್ ಎಷ್ಟೇ ಕಮ್ಮಿಯಿದ್ದರೂ ಇದು ಕಡಿಯುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿದಳು.

ಕಡಿಯಲಿಲ್ಲ, ಸರಿ. ಆದರೆ ಪೆಟ್ಟಿಗೆಯೊಳಗೆ ಸದ್ದೇ ಇಲ್ಲ! ಸುಭದ್ರಮ್ಮ ಅದನ್ನು ಎತ್ತಿ ಅಲ್ಲಾಡಿಸಿದರು, ಕಿವಿಗೆ ಒತ್ತಿಕೊಂಡರು.

"ಕೆಟ್ಟಿರ್ಬೇಕು, ಬಿಡಿ" ಅಂದೆ.

"ಕೆಟ್ಟಿಲ್ರಿ. ಲೈಟ್ ಉರಿಲತ್ತದ. ಆಕಿನೇ ಬಡಿಲತ್ತಿಲ್ಲ."

"ಹಂಗಾದ್ರೆ ಯಾಕೆ ಅಂತ ಕೇಳಿ."

"ನಾ ಯಾಕ ಕೇಳಲಿ?"

ಮಾರನೆಯ ದಿನವೂ ಹಾಗೇ. ಅದರ ಮಾರನೆಯ ದಿನವೂ ಹಾಗೇ. ಅಕ್ಕ ಈ ಒಂದು ನಂಟನ್ನೂ ಕಡಿದುಕೊಂಡಳೇ, ಇಲ್ಲ ಹಾಸಿಗೆ ಹಿಡಿದಳೇ ಎಂದು ಸುಭದ್ರಮ್ಮ ಒಳಗೊಳಗೇ ಬೆಂದರು. ರೊಟ್ಟಿಗಳು ಸೀದು ಖಾನಾವಳಿಯವರು ಬೈದರು. ನನಗೂ ತಡೆಯಲಾಗಲಿಲ್ಲ. "ನಿಮ್ಮ ಹಠಕ್ಕಿಷ್ಟು ಬೆಂಕಿ ಹಾಕ! ಒಂದು ಮಾತು ಕೇಳಿದ್ರೆ ಬಾಯಲ್ಲಿರೋ ಮುತ್ತು ಉದುರತ್ತಾ?" ಎಂದು ಕೂಗಾಡಿದೆ.

ಸುಭದ್ರಮ್ಮ ನನ್ನನ್ನು ಒಂದು ಸಲ ದುರುಗುಟ್ಟಿ ನೋಡಿ, ಪೆಟ್ಟಿಗೆಯ ಹತ್ತಿರ ಬಾಯಿ ಇಟ್ಟು ಕೂಗಿದರು: "ಅಕ್ಕಾ! ಅದಿಯೇನ ಸತ್ತಿಯೇನ?"

ಎದುರಿಗೇ ಕೂತ ಹಾಗೆ ಸ್ಪಷ್ಟವಾಗಿ ಉತ್ತರ ಬಂತು: "ನಾ ಯಾಕ ಸಾಯಲಿ? ನೀನೇ ಬಡಿಯೂದು ಬಿಟ್ಟೀದಿ. ತಂಗಿಗಿ ಏನಾತೋ ಅಂತ ನನಗ ಅನ್ನ ಸೇರಲತ್ತಿಲ್ಲ."

"ನಾ ದಿನಾ ಬಡಿಲತ್ತೀನಲ್ಲ!"

"ಸುಳ್ಳ ಹೇಳಬ್ಯಾಡ!"

ಬೈದಾಡುತ್ತಲೇ ಇಬ್ಬರೂ ಅಳತೊಡಗಿದರು. ನಾನು ಮೆಲ್ಲಗೆ ಕೆಳಗಿಳಿದೆ. ಕಣ್ಣು ನನ್ನದೂ ತೇವವಾಗಿತ್ತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಸಂಜೆ ಜಯಮಾಲಾ ಬಂದು ಕೇಳಿದವಳೇ ಹಣೆ ಹಣೆ ಚಚ್ಚಿಕೊಂಡಳು. ರೊಟ್ಟಿ ಬಡಿಯುವ ಹೊತ್ತಿಗೆ ಅವಳು ಮನೆಯಲ್ಲಿರುತ್ತಿರಲಿಲ್ಲ; ಅವ್ವನ ಫೋನಿನಲ್ಲಿ ಅಷ್ಟುದ್ದದ ಕಾಲ್‌ಗಳನ್ನು ನೋಡಿ, ಅವ್ವ, ದೊಡ್ಡವ್ವ ಮತ್ತೆ ಮಾತಾಡುತ್ತಾರೆಂದೇ ತಿಳಿದಿದ್ದಳು.

"ಅಂಕಲ್, ಚಿಪ್ಪು ಸದ್ದನ್ನ ಎಂಟು ದಾರಿಗೆ ಹಂಚತ್ತೆ. ಎಂಟೂ ಒಟ್ಟೊಟ್ಟಿಗೇ ಓಡ್ತಾವೆ. ಅವುಗಳಲ್ಲಿ ಹೆಚ್ಚಿನದು ಬರೀ ಸೊನ್ನೆ. ಎಂಟು ಡಬ್ಬಿಯಲ್ಲಿ ಒಂದೊಂದೇ ರೊಟ್ಟಿ ಇದ್ರೆ ಎಂಟು ಡಬ್ಬಿ ಯಾಕೆ ಹೊರ್ಬೇಕು? ಎಲ್ಲ ಒಂದರಲ್ಲೇ ಪೇರಿಸಿ, ಯಾವ್ದು ಯಾವ ಡಬ್ಬೀದು ಅಂತ ಗುರುತು ಹಾಕಿ ಕಳಿಸ್ತೀವಿ. ಆ ಕಡೆ ಗುರುತು ನೋಡಿ ಮತ್ತೆ ಹಂಚ್ಕೊಳತ್ತೆ."

"ಮತ್ತೆ ಬಡಿಯೋ ಸದ್ದು ಎಲ್ಲಿ ಹೋಯ್ತಮ್ಮ?"

"ಮಾತಲ್ಲದ್ದನ್ನೆಲ್ಲ ಸೊನ್ನೆ ಅಂತ್ಲೇ ಲೆಕ್ಕ ಹಿಡಿಯೋ ಹಾಗೆ ಮಾಡಿದೀವಿ" ಎಂದು ತಲೆ ತಗ್ಗಿಸಿದಳು.

ನಾಳೆಯೇ ಹಳೆ ಫೋನು ಇಡುತ್ತೇನೆ ಎಂದು ಅವ್ವನಿಗೆ ಸಮಾಧಾನ ಹೇಳಿದಳು. ಸುಭದ್ರಮ್ಮ ಒಪ್ಪಲಿಲ್ಲ. ಅಕ್ಕನ ದನಿ ಸರಿಯಿಲ್ಲ, ಹೋಗಿ ನೋಡಲೇಬೇಕು ಎಂದರು. ಒಬ್ಬರೇ ಮೆಟ್ರೊ ಹತ್ತಿದವರಲ್ಲ. ಬೆಳಿಗ್ಗೆ ನಾನೇ ಜೊತೆಗೆ ಹೊರಟೆ. ರೊಟ್ಟಿ ಗಂಟನ್ನು ಅವರು ದಾರಿಯುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡಿದ್ದರು.

ಜಟ್ಟೆಮ್ಮ ಬಾಗಿಲಿಗೆ ಬಂದರು. ತಂಗಿ ತಬ್ಬಿಕೊಂಡಾಗ ಅವರ ಎಡಗೈ ಒಂದೇ ಮೇಲೆ ಎದ್ದಿತು. ಬಲಗೈ ಭುಜದಿಂದ ಸುಮ್ಮನೆ ಜೋತಾಡುತ್ತಿತ್ತು. ಸುಭದ್ರಮ್ಮ ಒಳಗೆ ನೋಡಿದರು. ಒಲೆಯ ಮೇಲೆ ರೊಟ್ಟಿ ಹಂಚು ಇರಲಿಲ್ಲ. ಹಿಟ್ಟಿನ ಡಬ್ಬಿ ತೆರೆದರೆ ಅದರ ತುಂಬ ಬಟ್ಟೆ ಕ್ಲಿಪ್ಪುಗಳು. ರೊಟ್ಟಿಯ ಹಲಗೆಯೊಂದು ಮಾತ್ರ ಫೋನ್ ಪೆಟ್ಟಿಗೆಯ ಮುಂದೆ ಇತ್ತು, ಹಿಟ್ಟಿನ ಗುರುತೂ ಇಲ್ಲದೆ.

"ಕೈ ಯಾವಾಗಿಂದ ಹಿಂಗಾತು?"

"ಯುಗಾದಿ ಆದ ಮ್ಯಾಲಿಂದ. ನಿಮಗ ಹೇಳಬ್ಯಾಡಂತ ಪೀರಪ್ಪಗ ಆಣಿ ಹಾಕಿದ್ದೆ."

"ಮತ್ತ ಅವತ್ತಿಂದ ದಿನಾ ಬಡೀತಿದ್ದಿಯಲ್ಲ ಅಕ್ಕಾ, ನಾ ಕೇಳೀನಿ!"

"ಎಡಗೈಲೆ ಬರೇ ಹಲಗಿ ಬಡೀತಿದ್ದೆ" ಅಂದರು ಜಟ್ಟೆಮ್ಮ. "ನೀ ಅಲ್ಲಿ ಒಬ್ಬಾಕಿನೇ ಕುಂತು ಬಡೀಬಾರ್ದಂತ."

ಸುಭದ್ರಮ್ಮ ಆ ಸಂಜೆ ನನ್ನ ಜೊತೆ ವಾಪಸು ಬರಲಿಲ್ಲ. ವಾರ ಕಳೆದು ಜಯಮಾಲಾ ರೂಮಿನ ಸಾಮಾನೆಲ್ಲ ಅಲ್ಲಿಗೇ ಸಾಗಿಸಿದಳು.