ತಾಟು ನೋಡುವ ನೀಲವ್ವ

ನೀಲವ್ವನ ಖಾನಾವಳಿಯಲ್ಲಿ ಗಿರಾಕಿಗಳಿಗೆ ಹೆಸರಿರಲಿಲ್ಲ. ಆಕೆ ಯಾರ ಮುಖವನ್ನೂ ನೆಟ್ಟಗೆ ನೋಡಿದವಳಲ್ಲ. ನೋಡುತ್ತಿದ್ದುದು ಉಂಡೆದ್ದ ತಾಟನ್ನು. ತಾಟಿನಲ್ಲಿ ಏನು ಉಳಿಯಿತೋ ಅದೇ ಆ ಮನುಷ್ಯನ ಗುರುತು. ಮಜ್ಜಿಗೆ ಮುಟ್ಟದ ಮಾಸ್ತರರು, ಬದನೆಕಾಯಿ ತೊಟ್ಟು ಬಿಡುವವರು, ಹೀಗೆ. ನಾನು ಅಲ್ಲಿ ‘ಕೆಂಪಚಟ್ನಿ ಬಿಡಾಕಿ’. ಎರಡು ವರ್ಷ ಹೋಗಿಬಂದರೂ ಆಕೆ ನನ್ನ ಹೆಸರು ಕೇಳಲಿಲ್ಲ. ಪಾರ್ಸಲ್ ಅಂತೂ ಯಾರಿಗೂ ಕಟ್ಟಿಕೊಡುತ್ತಿರಲಿಲ್ಲ. ಒಯ್ದದ್ದನ್ನು ಉಂಡರೋ ಚೆಲ್ಲಿದರೋ ತನಗೆ ಹೇಗೆ ತಿಳಿಯಬೇಕು ಎಂದು ಆಕೆಯ ವಾದ. ಈ ವಾದಕ್ಕೆ ನಾನು ಎರಡು ಸಲ ಸಿಟ್ಟಾಗಿ, ಎರಡು ಸಲವೂ ಸೋತು, ಅಲ್ಲೇ ಕೂತು ಉಂಡು ಬಂದಿದ್ದೇನೆ.

ನಮ್ಮದು ಶಿರಹಟ್ಟಿ. ಮಗಳು ಸಿರಿಗೆ ಆಗಷ್ಟೇ ಎರಡು ತುಂಬಿತ್ತು. ಮಗು ಉಣ್ಣುತ್ತಿರಲಿಲ್ಲ. ಹಟದ ಮಕ್ಕಳು ಉಣ್ಣದಿರುವ ಹಾಗಲ್ಲ, ತುತ್ತು ಕಂಡರೆ ಹಲ್ಲು ಕಚ್ಚಿ, ಮೈ ಬಿಲ್ಲಿನಂತೆ ಬಾಗಿಸಿ ಅಳುತ್ತಿದ್ದಳು. ತಿಂಗಳಿಗೊಮ್ಮೆ ಗದಗಿನ ಡಾಕ್ಟರರಲ್ಲಿ ತೂಕ ನೋಡಿಸುತ್ತಿದ್ದೆವು. ಆ ಸಲ ಅವರು ಚೀಟಿ ಬರೆಯುವುದನ್ನು ನಿಲ್ಲಿಸಿ, ಮುಂದಿನ ತಿಂಗಳೂ ತೂಕ ಏರದಿದ್ದರೆ ದವಾಖಾನೆಗೆ ಸೇರಿಸಿ ಮೂಗಿನಿಂದ ನಳಿಗೆ ಹಾಕಬೇಕಾದೀತು ಎಂದರು.

ಆ ದಿನ ಗದಗಿಗೆ ಬಂದದ್ದು ಮಾತ್ರ ಸಂಸಾರ ಸಮೇತ, ಊರು ನೋಡುವ ಉಮೇದಿನಲ್ಲಿ. ಬಿಂಕದಕಟ್ಟಿಯ ಮೃಗಾಲಯದಲ್ಲಿ ಪ್ರಾಣಿಗಳನ್ನು ಕಂಡರೆ ಮಗು ಖುಷಿಯಾಗಿ ಎರಡು ತುತ್ತು ಉಂಡೀತು ಎಂದು ನನ್ನ ಗಂಡನ ಲೆಕ್ಕ. ಅದಕ್ಕೂ ಮೊದಲು ಊಟಕ್ಕೆಂದು ಗಾಜಿನ ಬಾಗಿಲಿನ ಒಂದು ಹೋಟೆಲಿಗೆ ಹೊಕ್ಕೆವು. ಅತ್ತೆ ಮಗುವನ್ನು ಗೋಡೆಯ ಕಡೆ ತಿರುಗಿಸಿ ಕೂರಿಸಿಕೊಂಡು, ಮೇಲೆ ಸೆರಗು ಮುಚ್ಚಿ, ಆ ಕತ್ತಲಲ್ಲಿ ತುತ್ತು ತುರುಕತೊಡಗಿದರು. ಹೊರಗೆ ಹೋದಾಗ ಅವರ ಪದ್ಧತಿಯೇ ಅದು. ನಾಲ್ಕು ಮಂದಿಯ ಕಣ್ಣೆದುರು ಕೂಸು ಉಂಡರೆ ದೃಷ್ಟಿ ತಾಗುತ್ತದೆ. ಸಿರಿ ಚೀರಿದಳು, ಉಗುಳಿದಳು. ಕೈತೊಳೆಯುವ ಜಾಗದ ಪಕ್ಕ ಕೂರುತ್ತೀರಾ ಎಂದು ಮಾಣಿಯೊಬ್ಬ ಬಂದು ಕೇಳಿದ. ಅಷ್ಟೇ ಸಾಕಾಗಿತ್ತು ನನಗೆ. ಅವನಿಗೂ ಗಂಡನಿಗೂ ಸೇರಿಸಿ ಬೈದು ಎದ್ದುಬಂದೆ.

ಹಸಿದ ಹೊಟ್ಟೆಯಲ್ಲಿ ಬೆಟಗೇರಿಯ ಕಡೆ ನಡೆಯುವಾಗ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಅದೇ ನೀಲವ್ವನ ಖಾನಾವಳಿ. ಎಂಟು ಜನ ಕೂರುವಷ್ಟು ಜಾಗ, ಒಳಗೆ ಒಲೆಯ ಮುಂದೆ ಅವಳ ತಂಗಿ. ನೀಲವ್ವನೋ, ಸೊಂಟಕ್ಕೆ ಸೀರೆ ಬಿಗಿದ, ದಪ್ಪ ದನಿಯ, ಅರವತ್ತರ ಹೆಂಗಸು. ಅಲ್ಲಿಯೂ ಅತ್ತೆ ಗೋಡೆಗೆ ತಿರುಗಿ ಸೆರಗು ಮುಚ್ಚಿದರು. ಸಿರಿ ಒಳಗಿನಿಂದಲೇ ಕಾಲು ಝಾಡಿಸಿದ ರಭಸಕ್ಕೆ ಪಲ್ಯದ ಬಟ್ಟಲು ಹಾರಿ ಪಕ್ಕದವರ ಬಿಳಿ ಧೋತರದ ಮೇಲೆ ಬಿತ್ತು. ನಾನು ಮಗುವಿನ ಬೆನ್ನಿಗೆ ಒಂದು ಬಿಗಿದೆ. ಇಂದಿಗೂ ಆ ಕೈ ನೆನಪಾದರೆ ನನಗೆ ನಾಚಿಕೆಯಾಗುತ್ತದೆ.

ಧೋತರದವರು ಗೊಣಗಿದರು. ತಾವೇನು ಬಾಯಿ ಒರೆಸಿಕೊಂಡೇ ಹುಟ್ಟಿದಿರಾ ಎಂದು ನೀಲವ್ವ ಅವರಿಗೆ ಕೇಳಿ, ಒದ್ದೆ ಅರಿವೆ ಕೊಟ್ಟು ಸುಮ್ಮನಾಗಿಸಿದಳು. ಆಮೇಲೆ ನಮ್ಮ ಕಡೆ ಬಂದಳು.

“ಕೂಸಿನ ಮ್ಯಾಲೆ ಸೆರಗ ಯಾಕ ಮುಚ್ಚೀರಿ ಯವ್ವಾ? ಕತ್ತಲಾಗ ಯಾರ ಉಣತಾರ?” ಎಂದು ಅತ್ತೆಗೆ ಕೇಳಿದಳು. ಅವರು ದೃಷ್ಟಿಯ ಮಾತೆತ್ತುವಷ್ಟರಲ್ಲಿ ನನಗೆ ಹೇಳಿದಳು: “ಉಣಸೂದು ಬಿಟ್ಟ ಬಿಡ್ರಿ. ಮೊದಲ ನೀವು ಉಣ್ರಿ. ಅಕಿ ಕಡೆ ನೋಡಬ್ಯಾಡ್ರಿ.”

ಇವಳ್ಯಾರು ನನಗೆ ಹೇಳುವವಳು ಎಂದು ಸಿಟ್ಟು ನೆತ್ತಿಗೇರಿತು. ಆದರೆ ಸೋತುಹೋಗಿದ್ದೆ. ನೀಲವ್ವ ಮಗುವನ್ನು ಎತ್ತಿ ಒಲೆಯಿಂದ ದೂರ, ಬಾಗಿಲ ಬೆಳಕಿನಲ್ಲಿ ನೆಲಕ್ಕೆ ಕೂರಿಸಿದಳು. ಊಟ ಕೊಡಲಿಲ್ಲ, ಮಾತಾಡಿಸಲೂ ಇಲ್ಲ. ತಾನು ಒಂದು ತಾಟಿನಲ್ಲಿ ಬಿಸಿರೊಟ್ಟಿ, ಬೆಣ್ಣೆ, ಹೆಸರುಕಾಳು, ಮೊಸರು ಹಾಕಿಕೊಂಡು ಎದುರು ಕೂತು, ಲೋಕದ ಪರಿವೆಯಿಲ್ಲದವಳಂತೆ ಉಣ್ಣತೊಡಗಿದಳು. ಸ್ವಲ್ಪ ಹೊತ್ತಿಗೆ ಸಿರಿ ಕುಂಡೆಯ ಮೇಲೆಯೇ ಸರಿದು ಹತ್ತಿರ ಹೋದಳು. ನೀಲವ್ವ ನೋಡಲಿಲ್ಲ. ಸಿರಿ ತಾಟಿನ ಅಂಚಿನಿಂದ ಒಂದು ಚೂರು ರೊಟ್ಟಿ ಕದ್ದಳು. ಆಮೇಲೆ ಬೆಣ್ಣೆಗೆ ಬೆರಳಿಟ್ಟಳು. ನೀಲವ್ವ “ಯಾರಲೇ ನನ್ನ ರೊಟ್ಟಿ ಕದ್ದಾಂವ” ಎಂದು ಮೇಲಿನ ಸೂರು ನೋಡುತ್ತ ಕೇಳಿದಳು. ನನ್ನ ಮಗಳು ನಕ್ಕು ಇನ್ನೊಂದು ಚೂರು ಕದ್ದಳು.

ನಾನು ತುತ್ತು ಕೈಯಲ್ಲೇ ಹಿಡಿದು ಅಳುತ್ತಿದ್ದೆ. ಅತ್ತೆ ಮಾತ್ರ ಎದ್ದೇಬಿಟ್ಟರು. ಗುರುತಿಲ್ಲದವಳ ತಾಟಿನಲ್ಲಿ ಮೊಮ್ಮಗಳು ಎಂಜಲು ಉಣ್ಣುವುದೇ? ಮಡಿ ಮೈಲಿಗೆ ಅವರ ಉಸಿರು.

ನೀಲವ್ವ ಕೂತಲ್ಲಿಂದಲೇ ಹೇಳಿದಳು: “ಎಂಜಲಾ ತೊಳದ್ರ ಹೋಕ್ಕೈತಿ ಯವ್ವಾ. ಹಸಿವಿ ತೊಳದ್ರ ಹೋಗೂದಿಲ್ಲ. ಇನ್ನ ನಾಕ ತುತ್ತು ಉಣ್ಣಲಿ, ಆಮ್ಯಾಲೆ ನನ್ನ ಬೈರಿ.”

ಅತ್ತೆ ಬೈಯಲಿಲ್ಲ. ಬಾಗಿಲ ಹೊರಗೆ ಹೋಗಿ ಬೆನ್ನು ತಿರುಗಿಸಿ ನಿಂತರು. ಬಿಂಕದಕಟ್ಟಿಯಲ್ಲಿ ಮೊಮ್ಮಗಳು ನವಿಲು ಕಂಡು ಕೇಕೆ ಹಾಕಿದರೂ ನಗಲಿಲ್ಲ, ಬಸ್ಸು ಸೊರಟೂರ ದಾಟುವವರೆಗೂ ನನ್ನೊಡನೆ ಮಾತಿಲ್ಲ.

ಮನೆಯಲ್ಲಿ ನಾನು ನೀಲವ್ವನ ರೀತಿಯನ್ನೇ ಹಿಡಿದೆ. ಮಗುವನ್ನು ಹಗಲು ಬೆಳಕಿನಲ್ಲಿ ಎದುರಿಗೆ ಕೂರಿಸಿ, ನನ್ನ ತಾಟು ನಾನು ಉಣ್ಣುವುದು. ಉಣ್ಣು ಎನ್ನಬಾರದು, ಕಣ್ಣೆತ್ತಿ ನೋಡಬಾರದು. ನನ್ನಂಥ ಅವಸರದವಳಿಗೆ ಅದು ಎಷ್ಟು ಕಷ್ಟ ಎಂದು ನನಗೇ ಗೊತ್ತು. ಕೆಲವು ದಿನ ಸಿರಿ ಏನೂ ಮುಟ್ಟಲಿಲ್ಲ. ಕೆಲವು ದಿನ ನನ್ನ ಅರ್ಧ ರೊಟ್ಟಿ ಖಾಲಿ. ಅತ್ತೆ ದೂರದಿಂದ ನೋಡುತ್ತಿದ್ದರು. ಮರುತಿಂಗಳು ತಕ್ಕಡಿಯ ಮುಳ್ಳು ಸರಿಯಿತು, ಅರ್ಧ ಕಿಲೋದ ಹತ್ತಿರ. ಡಾಕ್ಟರರು ನಳಿಗೆಯ ಮಾತೆತ್ತಲಿಲ್ಲ. ಹೊರಗೆ ಬಂದು ಗಂಡ ಊಟಕ್ಕೆ ಎಲ್ಲಿಗೆ ಹೋಗೋಣ ಎಂದಾಗ, ಅತ್ತೆ ಬೆಟಗೇರಿಯ ದಾರಿ ಹಿಡಿದು ಮುಂದೆ ನಡೆದೇಬಿಟ್ಟಿದ್ದರು.

ಆಮೇಲೆ ಪ್ರತಿ ತಿಂಗಳೂ ಅಲ್ಲೇ ಊಟ. ಸಿರಿಯ ತಾಟು ನೋಡಿ ನೀಲವ್ವ ಬರೀ “ಆತು” ಎನ್ನುವಳು. ಅದಕ್ಕಿಂತ ದೊಡ್ಡ ಶಾಭಾಸ್‌ಗಿರಿ ಅವಳ ಬಾಯಲ್ಲಿ ಇರಲಿಲ್ಲ. ಬರಬರುತ್ತ ತೂಕ ನೋಡಿಸುವ ಅಗತ್ಯವೇ ತಪ್ಪಿತು. ಗದಗಿಗೆ ಹೋಗುವುದೂ ಕಡಿಮೆಯಾಯಿತು. ಕೆಲಸ ಮುಗಿದ ಮೇಲೆ ಮನುಷ್ಯರು ಹೀಗೇ, ನಾನೂ ಹಾಗೇ.

ಮೊಣಕಾಲು ನೋವಿಗೆ ನೀಲವ್ವ ಖಾನಾವಳಿ ಮುಚ್ಚುತ್ತಾಳಂತೆ ಎಂದು ಹೋದ ವರ್ಷ ಕೇಳಿ ಓಡಿದೆವು. ಅತ್ತೆ ಚೀಲದಲ್ಲಿ ಕುಪ್ಪಸದ ಕಣ, ತೆಂಗಿನಕಾಯಿ, ಅಕ್ಕಿ ತಂದಿದ್ದರು. ಉಡಿ ತುಂಬಲು ಹೋದಾಗ ನೀಲವ್ವ ಹಿಂದೆ ಸರಿದಳು. ಅವಳ ಗಂಡ ತೀರಿಹೋಗಿ ಇಪ್ಪತ್ತು ವರ್ಷ.

“ನನಗ ಉಡಿ ತುಂಬೂ ಪದ್ಧತಿ ಇಲ್ಲರಿ ಯವ್ವಾ.”

“ಪದ್ಧತಿ ನನಗೂ ಗೊತ್ತೈತಿ. ಉಡಿ ಒಡ್ಡು,” ಎಂದರು ಅತ್ತೆ. ನೀಲವ್ವ ಒಡ್ಡಿದಳು.

ನಮಸ್ಕಾರ ಮಾಡು ಎಂದು ಸಿರಿಗೆ ಹೇಳಿದರೆ ಅವಳು ನನ್ನ ಹಿಂದೆ ಅಡಗಿದಳು. ಇವರು ಯಾರೆಂದು ಅವಳಿಗೆ ನೆನಪೇ ಇರಲಿಲ್ಲ. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ನೀಲವ್ವ ಸಿರಿಯ ತುಂಬುಗೆನ್ನೆ ಸವರಿ, “ನೆನಪ ಇಟಗೊಂಡು ಏನ ಮಾಡ್ತಾಳ? ಉಂಡಿದ್ದು ಮೈಯಾಗ ಐತೆಲ್ಲ,” ಎಂದಳು.

ಈ ಬೇಸಿಗೆಯಲ್ಲಿ ನೀಲವ್ವ ತೀರಿಕೊಂಡ ಖಬರು ಬಂತು. ನಾವು ಊಟಕ್ಕೆ ಕೂತಿದ್ದೆವು. ನಾನು ಕೈ ತೊಳೆದೆದ್ದೆ. ನೀಲವ್ವ ಅಂದ್ರ ಯಾರು ಎಂದು ಸಿರಿ ಕೇಳಿದಳು. ಅತ್ತೆ ಹೇಳಿದರು: “ನಿನಗ ಉಣ್ಣಾಕ ಕಲಿಸಿದಾಕಿ. ನಮಗ ಬರತಿರಲಿಲ್ಲ.”

ಮದುವೆಯಾಗಿ ಬಂದು ಒಂಬತ್ತು ವರ್ಷ. ನಮ್ಮ ಅತ್ತೆ ತಮಗೆ ಒಂದು ಕೆಲಸ ಬರುತ್ತಿರಲಿಲ್ಲ ಎಂದು ಒಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು.