ಕೆಂಪಗೆ ಬಂದ ಬೋಲ್ಟು

ಲಾರಿಗಳಿಗೆ ಇನ್ನೂ ಉದ್ದನೆಯ ಮೂಗಿದ್ದ ಕಾಲ ಅದು. ಮುಂದಕ್ಕೆ ಚಾಚಿಕೊಂಡ ಬಾನೆಟ್ಟು ಎತ್ತಿದರೆ ಎಂಜಿನ್ನು ಪೂರ್ತಿ ಕಾಣುತ್ತಿತ್ತು. ಅಂಥ ಲಾರಿಯ ಮಡ್‌ಗಾರ್ಡಿನ ಮೇಲೆ ಕೂತು ನೀವೂ ಮಂಡಕ್ಕಿ ತಿಂದಿದ್ದರೆ ನಾನು ಹೇಳುವುದು ಬೇಗ ಅರ್ಥವಾಗುತ್ತದೆ. ನಾನು ಬೇಕಾದಷ್ಟು ತಿಂದಿದ್ದೇನೆ. ಲಾರಿ ಅಪ್ಪನದು, ಊರು ಅಜ್ಜಂಪುರ, ನಾನಾಗ ಮೂರನೇ ಕ್ಲಾಸಿನ ಹುಡುಗಿ.

ಅಪ್ಪನಿಗೆ ಆ ಲಾರಿಯ ಮೇಲೆ ನಮ್ಮೆಲ್ಲರಿಗಿಂತ ಒಂದು ಕೈ ಹೆಚ್ಚೇ ಪ್ರೀತಿ. ಅಮ್ಮ ಅದನ್ನು 'ನನ್ನ ಸವತಿ' ಎಂದೇ ಕರೆಯುತ್ತಿದ್ದಳು. ಅಮಾವಾಸ್ಯೆ ಬಂತೆಂದರೆ ಸವತಿಗೆ ಸ್ನಾನ, ವಿಭೂತಿ, ಚೆಂಡು ಹೂವಿನ ಹಾರ, ಚಕ್ರದಡಿಗೆ ನಿಂಬೆಹಣ್ಣು. ಕೊನೆಗೆ ದೃಷ್ಟಿ ತೆಗೆಯುವುದು. ಅರಿಶಿನ ಸುಣ್ಣ ಕದಡಿದ ಕೆಂಪು ಓಕುಳಿಗೆ ಕುಂಕುಮ ಬೆರೆಸಿ, ಮೇಲೊಂದು ಹಿಡಿ ಕಲ್ಲುಪ್ಪು ಹಾಕಬೇಕು. ಕದಡುವ ಹಕ್ಕು ನನ್ನದು. ಮೊಣಕೈವರೆಗೂ ಕೆಂಪು ಮಾಡಿಕೊಂಡು, ಫ್ರಾಕಿಗೂ ಬಳಿದುಕೊಂಡು, ಅಮ್ಮನಿಂದ ಬೈಸಿಕೊಳ್ಳುತ್ತಿದ್ದೆ. ಎಲ್ಲರೂ ಆ ನೀರನ್ನು ಚಕ್ರದ ಬುಡಕ್ಕೆ ಸುರಿಯುತ್ತಾರೆ. ನಮ್ಮಪ್ಪ ಮಾತ್ರ ಬಾನೆಟ್ಟು ಎತ್ತಿ ಎಂಜಿನ್ನಿನ ಮುಖಕ್ಕೇ ಸುರಿಯುತ್ತಿದ್ದ.

"ಚಕ್ರಕ್ಕೆ ಯಾರು ದೃಷ್ಟಿ ಹಾಕ್ತಾರೆ ಕಣೇ? ಜನರ ಕಣ್ಣೆಲ್ಲ ಎಂಜಿನ್ ಸೌಂಡ್ ಮೇಲೆ" ಎಂದು ಅವನ ವಾದ. ಹೇಳಿದರೆ ಕೇಳುವ ಆಸಾಮಿಯಲ್ಲ.

ಲಾರಿಗೆ ಏನೇ ಕಾಯಿಲೆ ಬಂದರೂ ಕಡೂರಿನ ಓಂಕಾರಣ್ಣನೇ ಆಗಬೇಕು. ರಸ್ತೆ ಬದಿಯ ಹೊಂಗೆ ಮರದ ಕೆಳಗೆ ಅವನ ಗ್ಯಾರೇಜು. ಅಪ್ಪನೂ ಅವನೂ ಚಿಕ್ಕಂದಿನಲ್ಲಿ ಒಂದೇ ಲಾರಿಯಲ್ಲಿ ಕ್ಲೀನರುಗಳಾಗಿದ್ದವರು, ಒಂದೇ ತಟ್ಟೆಯಲ್ಲಿ ಉಂಡವರು. ಓಂಕಾರಣ್ಣನದು ಬಾಯಿ ಅಂದರೆ ಬಾಯಿ. "ನಾನು ಕೈ ಇಟ್ರೆ ಸತ್ತ ಎಂಜಿನ್ ಎದ್ದು ಕೂತ್ಕಂಡು ಕಾಫಿ ಕೇಳುತ್ತೆ" ಎನ್ನುತ್ತಿದ್ದ. ನನ್ನನ್ನು ಕರೆಯುತ್ತಿದ್ದುದು 'ಓನರಮ್ಮ' ಎಂದು. ಹಬ್ಬಕ್ಕೆ ಯಾರೂ ಕರೆಯದೆಯೇ ನಮ್ಮ ಮನೆಗೆ ಬಂದು, ಹೋಳಿಗೆಯನ್ನು ಕಾಯಿಹಾಲಲ್ಲಿ ಅದ್ದಿ ತಿಂದು, ಅಮ್ಮನ ಕೈರುಚಿಯನ್ನು ಬೀದಿಗೆಲ್ಲ ಕೇಳುವಂತೆ ಹೊಗಳಿ ಹೋಗುತ್ತಿದ್ದ.

ಅದು ಈರುಳ್ಳಿ ಸುಗ್ಗಿ. ದಸರಾ ರಜೆಗೆ ನನ್ನನ್ನು ಸಖರಾಯಪಟ್ಟಣದ ಅತ್ತೆ ಮನೆಗೆ ಬಿಡಲು ಅಪ್ಪ ಲೋಡಿನ ಲಾರಿಯಲ್ಲೇ ಕೂರಿಸಿಕೊಂಡಿದ್ದ. ಕಡೂರು ಮುಟ್ಟುವಷ್ಟರಲ್ಲಿ ಎಂಜಿನ್ನು ಬುಸ್ಸೆಂದು ಹಬೆ ಕಾರತೊಡಗಿತು. ಹೊಂಗೆ ಮರದ ಕೆಳಗೆ ನಿಲ್ಲಿಸಿದೆವು.

"ವಾಟರ್ ಪಂಪ್ ಹೋಗೈತೆ ಕಣೋ. ಬಿಚ್ಚಿ ಬೇರೆ ಹಾಕಾನ, ಸಂಜೆಗೆ ಹೊರಡು. ಏನ್ ಓನರಮ್ಮ, ಈರುಳ್ಳಿ ಜೊತೆ ನಿನ್ನೂ ಮಾರ್ಕೆಟ್ಟಿಗೆ ಹಾಕ್ತಾನಾ ನಿಮ್ಮಪ್ಪ?"

ಪಂಪಿನ ಬೋಲ್ಟುಗಳು ಒಂದೊಂದಾಗಿ ಬಂದವು. ಕೊನೆಯದು ಮಾತ್ರ ಹಿಡಿದುಕೊಂಡು ಬಿಟ್ಟಿತ್ತು. ಓಂಕಾರಣ್ಣ ಸೀಮೆಎಣ್ಣೆ ಬಿಟ್ಟ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ, ಪಾನಾಕ್ಕೆ ಪೈಪು ಸಿಕ್ಕಿಸಿ ಜಗ್ಗಿದ. ಟಪ್ ಎಂದಿತು. ಬೋಲ್ಟಿನ ತಲೆ ಪಾನಾದಲ್ಲಿತ್ತು, ಮೈ ಎಂಜಿನ್ನಿನೊಳಗೆ.

ಅಪ್ಪನಿಗೆ ಎಲ್ಲಿತ್ತೋ ಆ ಸಿಟ್ಟು!

"ಹೋದ್ಸಲ ಈ ಪಂಪ್ ಕೂರಿಸಿದ್ದು ಯಾರು?"

"ನಾನೇ ಕಣೋ."

"ಹೊಸ ಬೋಲ್ಟ್ ಹಾಕ್ದೆ ಅಂದಿದ್ದೆ. ಹೊಸದು ಹಿಂಗೆ ಹಿಡ್ಕಂಡು ಮುರಿಯುತ್ತೇನೋ? ಗುಜರಿ ಬೋಲ್ಟ್ ಹಾಕಿ ನನ್ನ ಕಣ್ಣಿಗೆ ಮಣ್ಣೆರಚಿದೀಯ. ಕಳ್ಳ ನನ್ಮಗನೆ!"

ಪಕ್ಕದಲ್ಲಿ ಟೀ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ತನ್ನ ಲಾರಿ ರಿಪೇರಿಗೆ ಬಿಡಲು ಬಂದಿದ್ದ ಒಬ್ಬ ಡ್ರೈವರು ಗ್ಲಾಸು ಕೆಳಗಿಟ್ಟು, "ಓಹೋ, ಹಿಂಗೂ ನಡೆಯುತ್ತಾ ಇಲ್ಲಿ?" ಎಂದ. ಗ್ಯಾರೇಜಿನವನಿಗೆ ಕಳ್ಳ ಎಂಬ ಹೆಸರು ಬಂದರೆ ಮುಗಿಯಿತು, ಅದು ಸಂಜೆಯೊಳಗೆ ಬೀರೂರು ದಾಟಿ ಹೋಗಿರುತ್ತದೆ.

ಓಂಕಾರಣ್ಣನ ಮುಖ ಕಪ್ಪಿಟ್ಟಿತು. "ಇರು, ತೆಗೀತೀನಿ. ಹೊಸದೋ ಹಳೇದೋ ಆ ಬೋಲ್ಟೇ ಹೇಳ್ಲಿ. ಇಷ್ಟೂ ಜನದ ಮುಂದೇನೇ ಹೇಳ್ಲಿ."

ಮುರಿದ ಬೋಲ್ಟಿನ ತುದಿಗೆ ಒಂದು ನಟ್ಟು ಹಿಡಿದು ವೆಲ್ಡಿಂಗ್ ಮಾಡಿದ. ಬೆಳಕು ನೋಡಬೇಡವೆಂದು ನನ್ನ ಮುಖದ ಮೇಲೆ ತನ್ನ ಟವೆಲ್ಲು ಎಸೆದ. ಅದರಲ್ಲಿ ಗ್ರೀಸು, ಬೀಡಿ, ಬೆವರು ಎಲ್ಲದರ ವಾಸನೆ. ಆರಲು ಬಿಟ್ಟು ಮತ್ತೆ ಸೀಮೆಎಣ್ಣೆ ಹಾಕಿದ. ನಟ್ಟಿಗೆ ಪಾನಾ ಕೊಟ್ಟು ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ, ಮತ್ತೆ ಮುಂದೆ. ಕಿರ್ ಎಂದು ಬೋಲ್ಟು ಅಲುಗಿತು. ಬೋಲ್ಟಿನ ತೂತಿನಿಂದ ಸೀಮೆಎಣ್ಣೆಯ ಜೊತೆ ಕೆಂಪು ಕೆಸರು ಇಳಿಯಿತು. ಆಮೇಲೆ ಬೋಲ್ಟು ಹೊರಗೆ ಬಂತು. ಮೈತುಂಬ ಕುಂಕುಮದ ಕೆಂಪು, ನಡುನಡುವೆ ಬಿಳೀ ಉಪ್ಪಿನ ಹೆಕ್ಕಳೆ.

ನನಗೆ ಹಿಗ್ಗೋ ಹಿಗ್ಗು. ಮಡ್‌ಗಾರ್ಡಿನ ಮೇಲಿಂದಲೇ ಕೂಗಿದೆ: "ಅಪ್ಪಾ, ನಮ್ಮ ಅಮಾಸೆ ಓಕುಳಿ! ನಾನು ಕದಡಿದ್ದು!"

ಅಪ್ಪ ಬೋಲ್ಟು ನೋಡಿದ. ನೋಡಿ ನೆಲ ನೋಡಿದ. ಉಪ್ಪುನೀರು ಕುಡಿದು ಕುಡಿದು ಹೊಸ ಬೋಲ್ಟು ಕೊಳೆತಿತ್ತು, ಕುಡಿಸಿದವನು ಅವನೇ. ಅಷ್ಟರಲ್ಲಿ ಆ ಡ್ರೈವರು ಎದ್ದು ಬಂದ. "ಏನ್ರೀ ಅದು, ಕೆಂಪಗೆ?"

ಓಂಕಾರಣ್ಣ ಅಪ್ಪನ ಕಡೆಗೇ ನೋಡುತ್ತಿದ್ದ. ಒಂದು ಮಾತು ಸಾಕಿತ್ತು. 'ನಂದೇ ತಪ್ಪು ಕಣೋ' ಎಂದಿದ್ದರೆ ಮುಗಿದುಹೋಗುತ್ತಿತ್ತು. ಅಪ್ಪ ಬಾಯಿ ಬಿಡಲಿಲ್ಲ.

ಓಂಕಾರಣ್ಣ ಕೆಂಪಾದ ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. "ತುಕ್ಕು ಕಣ್ರೀ. ತುಕ್ಕು ಕೆಂಪಗಿರದೆ ಹಸಿರಾಗಿರುತ್ತಾ?" ಎಂದು ಬೋಲ್ಟನ್ನು ಗುಜರಿ ಡಬ್ಬಕ್ಕೆ ಎಸೆದ. "ಓನರಮ್ಮ, ನಿಂಗೆ ಕಂಡಿದ್ದೆಲ್ಲ ಓಕುಳಿನೇ. ಇಳಿ, ಬನ್ ತಿನ್ನು ಬಾ."

"ಹಂಗಾದ್ರೆ ಹಳೇ ಬೋಲ್ಟೇ ಅಂತಾಯ್ತಲ್ಲ" ಎಂದು ಆ ಡ್ರೈವರು ತನ್ನ ಲಾರಿ ಹತ್ತಿ ಹೊರಟುಹೋದ. ಮಾತಿಗೆ ಮಾತು ಕೊಡದೆ ಬಿಡದ ಓಂಕಾರಣ್ಣ ಸುಮ್ಮನೆ ಹೊಸ ಪಂಪು ಕೂರಿಸಿದ.

ನನಗೆ ಅಳು. ಬನ್ನು ಮುಟ್ಟಲಿಲ್ಲ. ದಾರಿಯಲ್ಲಿ ಕೇಳಿದೆ, "ಅಪ್ಪಾ, ಓಂಕಾರಣ್ಣ ಸುಳ್ಳು ಹೇಳ್ದ ಅಲ್ವಾ?"

ಅಪ್ಪ ಗೇರು ಬದಲಾಯಿಸಿದ. ತೆಂಗಿನ ತೋಟಗಳು ಶುರುವಾದ ಮೇಲೆ ಲಾರಿ ನಿಲ್ಲಿಸಿ, ಕ್ಯಾನಿನ ನೀರಿನಿಂದ ಮುಖ ತೊಳೆದುಕೊಂಡು, "ಹೂಂ ಕಣವ್ವ, ಹೇಳ್ದ" ಎಂದ.

ಮುಂದಿನ ಅಮಾವಾಸ್ಯೆಗೆ ನಾನು ಎಂದಿನಂತೆ ಓಕುಳಿ ಕದಡಿಕೊಟ್ಟೆ. ಅಪ್ಪ ಬಾನೆಟ್ಟು ಎತ್ತಲಿಲ್ಲ. ಚಕ್ರದ ಬುಡಕ್ಕೆ ಸುರಿದ. "ಏನ್ರೀ ಇವತ್ತು ಚಕ್ರಕ್ಕೆ?" ಎಂದಳು ಅಮ್ಮ. "ಎಲ್ರೂ ಹಂಗೇ ಮಾಡೋದು ಕಣೇ." ಅವನು ತಪ್ಪೊಪ್ಪಿಕೊಂಡದ್ದು ಅಷ್ಟೇ, ಅದೂ ಚಕ್ರದ ಹತ್ತಿರ. ಆಮೇಲೆ ಲಾರಿಯ ರಿಪೇರಿಯೆಲ್ಲ ತರೀಕೆರೆಯಲ್ಲಿ. ಅಮ್ಮ ಕೇಳಿದರೆ "ತರೀಕೆರೆ ಹತ್ರ ಆಗುತ್ತೆ" ಎನ್ನುತ್ತಿದ್ದ. ತರೀಕೆರೆ ಮೊದಲಿನಿಂದಲೂ ಹತ್ತಿರವೇ ಇತ್ತು.

ಓಂಕಾರಣ್ಣ ಯಾರ ಕೈಲೋ ಹೇಳಿಕಳಿಸಿದ: "ಓನರಮ್ಮ ಹೆಂಗಿದಾಳೆ? ಹಬ್ಬಕ್ಕೆ ಬರ್ಲೋ ಬ್ಯಾಡ್ವೋ ಕೇಳು." ಅಪ್ಪ ಕೇಳಿಸಿಕೊಂಡು ಒಳಗೆ ಹೋಗಿ ಮಲಗಿದ. ಆ ಮನುಷ್ಯ ಅವತ್ತು ತಿರುಗಿಸಿ ಬೈದಿದ್ದರೆ, ಕೊರಳಪಟ್ಟಿ ಹಿಡಿದಿದ್ದರೆ, ಅಪ್ಪ ಮಾರನೇ ದಿನವೇ ಹೋಗಿ ಟೀ ಕುಡಿದು ಬರುತ್ತಿದ್ದ. ತನ್ನ ಹೆಸರು ಕೆಡಿಸಿಕೊಂಡು ಇವನ ಮಾನ ಉಳಿಸಿದನಲ್ಲ, ಅದನ್ನು ಅಪ್ಪನಿಗೆ ಎದುರಿಸಲಾಗಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ. ಹೆತ್ತಪ್ಪನ ಬಗ್ಗೆ ನಾಚಿಕೆ ಪಡುತ್ತಿದ್ದೇನಲ್ಲ ಎಂದು ಇನ್ನಷ್ಟು ನಾಚಿಕೆಯಾಗುತ್ತದೆ.

ಮೂಗಿನ ಲಾರಿಗಳು ಹೋದವು. ಕರೆಯದೆಯೇ ಹಬ್ಬಕ್ಕೆ ಬಂದು ಕೂರುವವರು ಆಮೇಲೆ ನಮ್ಮ ಮನೆಗೆ ಯಾರೂ ಸಿಗಲಿಲ್ಲ. ಓಂಕಾರಣ್ಣ ತೀರಿಕೊಂಡೇ ಎಷ್ಟೋ ಕಾಲವಾಯಿತು. ರಸ್ತೆ ಅಗಲ ಮಾಡುವಾಗ ಹೊಂಗೆ ಮರವೂ ಹೋಯಿತು. ಗ್ಯಾರೇಜಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಮೊನ್ನೆ ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಅದರ ಮುಂದೆಯೇ ಬಂದೆ. ಅಂಗಡಿ ಹತ್ತಿರವಾಗುತ್ತಿದ್ದಂತೆ ಅಪ್ಪ ಮುಖವನ್ನು ಆಚೆ ಬದಿಗೆ ತಿರುಗಿಸಿಕೊಂಡ.

"ಅಪ್ಪಾ, ಅಲ್ಲೀಗ ಯಾರೂ ಇಲ್ಲ ಕಣಪ್ಪಾ" ಎಂದೆ.

"ಗೊತ್ತು ಕಣವ್ವ" ಎಂದ. ಕಡೂರು ದಾಟುವವರೆಗೂ ಮುಖ ಈಚೆಗೆ ತಿರುಗಿಸಲಿಲ್ಲ.